ಕಮಲಾಬಾಯಿಗೆ ಕೊಟ್ಟ ಹಕ್ಕಿ

ನಾನು ಹುಟ್ಟಿದಾಗಿನಿಂದ ತತ್ತಿ ತಿಂದವನಲ್ಲ. ನಮ್ಮದು ಭಾಲ್ಕಿ ಕಡೆಯ, ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ತತ್ತಿ ಬೇಯಿಸಿದ ಪಾತ್ರೆ ಆ ಒಂದು ವರ್ಷದ ತನಕ ನಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ. ಹೋದ ವಾರ ನಾಸಿಕ್ ಬಸ್ ನಿಲ್ದಾಣದ ಹೊರಗೆ ಚಳಿಗೆ ಕಿವಿ ಮುಚ್ಚಿಕೊಂಡು ನಿಂತಿದ್ದೆ. ಪಕ್ಕದ ಕೈಗಾಡಿಯವನು ಕುದಿಯುವ ನೀರಿನಿಂದ ತತ್ತಿ ತೆಗೆದು ಸುಲಿಯತೊಡಗಿದ. ಆ ವಾಸನೆಗೆ ಕೆಲವರಿಗೆ ಹಸಿವಾಗುತ್ತದೆ, ನಮ್ಮ ಮಂದಿಗೆ ಹೊಟ್ಟೆ ತೊಳಸುತ್ತದೆ. ನನಗೆ ಎರಡೂ ಆಗಲಿಲ್ಲ. ಮುಖ ಬಿಸಿಯಾಯಿತು, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಅಲ್ಲಿಂದ ದೂರ ಸರಿದು ನಿಂತೆ. ಕ್ಯಾನರಿ ಹಕ್ಕಿಗಳ ಆ ವರ್ಷವನ್ನು ಇದ್ದದ್ದು ಇದ್ದ ಹಾಗೆ ಬರೆದುಬಿಡಬೇಕು ಅನ್ನಿಸಿದ್ದು ಆಗಲೇ.

ಹತ್ತೊಂಬತ್ತನೆಯ ವಯಸ್ಸಿಗೆ ಒಂದು ಕೈಚೀಲ ಹಿಡಿದು ನಾಸಿಕ್‌ಗೆ ಬಂದವನು ನಾನು. ಈಗ ಔರಂಗಾಬಾದ್ ನಾಕಾದ ಹತ್ತಿರ ಸ್ವಂತ ಅಂಗಡಿ ಇದೆ. ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟು, ತೋಟಕ್ಕೆ ಹೊದಿಸುವ ಹಸಿರು ಬಲೆ, ಮಳೆಗೆ ಮುಚ್ಚುವ ತಾಡಪತ್ರಿ, ಕಟ್ಟುವ ಸುತಳಿ ಮಾರುತ್ತೇನೆ. ನಿಫಾಡ್ ಕಡೆಯ ತೋಟದವರು ನನ್ನ ಗಿರಾಕಿಗಳು. ಕೊಳ್ಳುವಾಗ ದರ ಹೇಗೆ ಇಳಿಸಬೇಕು, ಮಾರುವಾಗ ಹೇಗೆ ಬಿಗಿ ಹಿಡಿಯಬೇಕು ಎಂಬುದನ್ನು ಯಾರೂ ನನಗೆ ಕೂರಿಸಿಕೊಂಡು ಹೇಳಲಿಲ್ಲ, ಮೋಸ ಹೋಗಿ ಹೋಗಿ ಕಲಿತೆ. ಕಲಿತದ್ದನ್ನು ಕೇಳಿದವರಿಗೂ ಕೇಳದವರಿಗೂ ಹೇಳುವ ಚಟ ಅದರ ಜೊತೆಗೇ ಬಂತು. ನಮ್ಮ ಮನೆಯಾಕೆ ಮಹಾದೇವಿ ಒಮ್ಮೊಮ್ಮೆ ಅನ್ನುವುದುಂಟು: "ನಿಮ್ಮ ಸಲಹಾ ಮಾರಾಟಕ್ಕಿಟ್ಟಿದ್ರ ಇಷ್ಟೊತ್ತಿಗಿ ಎರಡು ಅಂಗಡಿ ಆಗ್ತಿದ್ದುವು."

ದೀಪಾವಳಿ ಮುಗಿದ ಮೇಲೆ ಸಂಭಾಜಿನಗರದಲ್ಲಿ ಮಹಾದೇವಿಯ ಕಡೆಯ ಒಂದು ಮದುವೆ ಇತ್ತು. ನಮ್ಮ ಬಾಯಲ್ಲಿ ಆ ಊರು ಇನ್ನೂ ಔರಂಗಾಬಾದೇ. ಊಟದ ಪಂಕ್ತಿಯಲ್ಲಿ ಯಾರೋ ಹೇಳಿದರು, ಗಾರಖೇಡಾದಲ್ಲಿ ಕಲಬುರಗಿಯ ಕಮಲಾಬಾಯಿ ಅಂತ ಇದ್ದಾರೆ, ಬ್ಯಾಂಕಿನಲ್ಲಿದ್ದ ಗಂಡ ತೀರಿಕೊಂಡು ಆರು ತಿಂಗಳಾಯಿತು, ಅವರು ಸಾಕಿದ ಹಾಡುವ ಹಕ್ಕಿಯ ಜೋಡಿ ಕೊಡುವುದಿದೆಯಂತೆ ಎಂದು. ಕ್ಯಾನರಿ ಸಾಕಿದರೆ ಮರಿಗಳಿಗೆ ಒಳ್ಳೆಯ ಬೇಡಿಕೆ ಎಂದು ನಾನು ಎಲ್ಲೋ ಕೇಳಿದ್ದೆ. ಗಂಡ ಸತ್ತ ಮನೆ, ಕೊಡುವ ಅವಸರ. ವ್ಯಾಪಾರಿಯ ಕಿವಿ ನೆಟ್ಟಗಾಯಿತು. ಮಹಾದೇವಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಮದುವೆಯ ಮನೆಯಿಂದ ನೇರವಾಗಿ ಅಲ್ಲಿಗೆ ಹೋದೆ.

ಮೊದಲ ಮಹಡಿಯ ಸಣ್ಣ ಮನೆ. ಮೆಟ್ಟಿಲು ಹತ್ತುವಾಗಲೇ ಹಾಡು ಕೇಳಿಸಿತು. ನಾನು ಸಂಗೀತ ಬಲ್ಲವನಲ್ಲ. ಆದರೆ ಅಂಗೈಯಲ್ಲಿ ಮುಚ್ಚಿದರೆ ಕಾಣದ ಹಳದಿ ಹಕ್ಕಿ, ಗಂಟಲು ಉಬ್ಬಿಸಿ, ಉಸಿರೇ ತೆಗೆದುಕೊಳ್ಳದೆ ಒಂದರ ಬಾಲಕ್ಕೆ ಇನ್ನೊಂದು ದನಿ ಪೋಣಿಸುತ್ತಾ ಹೋದದ್ದನ್ನು ಕೇಳಿ ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟೆ. ಬೇಕೇ ಬೇಕು ಅನ್ನಿಸಿತು. ಸರಕು ಮನಸ್ಸಿಗೆ ಬಂದಾಗ ಮುಖದಲ್ಲಿ ತೋರಿಸಬಾರದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋದೆ.

ಕಮಲಾಬಾಯಿ ಸಣ್ಣ ದೇಹದ, ಮಂಡಿ ನೋವಿನಿಂದ ಗೋಡೆ ಹಿಡಿದು ನಡೆಯುವ ಹೆಂಗಸು. ಚಹಾ ಕೊಟ್ಟರು. ನಾನು ಪಂಜರದ ಸುತ್ತ ಒಂದು ಸುತ್ತು ಹಾಕಿ, ಚಿಕ್ಕಮ್ಮನನ್ನು ಕರೆಯುವ ಹಾಗೆ ಕಾಕು ಎನ್ನುತ್ತಾ ಶುರುಮಾಡಿದೆ.

"ಉಗುರು ನೋಡ್ರಿ ಕಾಕು, ಎಷ್ಟು ಬೆಳ್ದಾವ. ವಯಸ್ಸಾಗ್ಯಾದ ಹಕ್ಕಿಗಿ."

"ಎರಡೇ ವರ್ಷದ್ದದ್ರಿ. ಯಜಮಾನ್ರು ಹೋದಮ್ಯಾಲ ಉಗುರು ಕತ್ತರಸೋದು ಆಗಿಲ್ಲ."

"ಹೆಣ್ಣೂ ಸೊರಗಿದಂಗ ಕಾಣ್ತದ. ತತ್ತಿ ಇಡ್ತದೋ ಇಲ್ಲೋ."

"ನನಗೇನ್ ತಿಳೀತದ್ರಿ. ಎಲ್ಲಾ ಅವರೇ ನೋಡ್ತಿದ್ರು," ಎಂದರು ಕಮಲಾಬಾಯಿ.

ಆ ಮಾತು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಕಡೆಯ ಹೆಂಗಸರು ಎಲ್ಲ ತಿಳಿದಿದ್ದರೂ ಹೊರಗಿನವರ ಮುಂದೆ ಹಾಗೇ ಅನ್ನುತ್ತಾರೆ. ನನ್ನ ತಾಯಿಯೂ ಅನ್ನುತ್ತಿದ್ದಳು. ಆದರೂ ಅದನ್ನು ಅಕ್ಷರಶಃ ನಂಬಿದೆ, ನಂಬಿದರೆ ನನಗೆ ಲಾಭವಿತ್ತಲ್ಲ. ಅವರು ಹೇಳಿದ ಬೆಲೆಯ ಅರ್ಧಕ್ಕಿಂತ ಕೆಳಗೆ ಕೇಳಿದೆ. ಮಹಾದೇವಿ ಸೆರಗಿನ ಮರೆಯಿಂದ ನನ್ನ ಕಡೆ ನೋಡಿದ್ದು ಗೊತ್ತಾಯಿತು, ತಿರುಗಲಿಲ್ಲ.

ಕಮಲಾಬಾಯಿ ಪಂಜರದ ಕಡೆ ಒಮ್ಮೆ ನೋಡಿ, "ನೀವಂದಂಗೇ ಆಗ್ಲಿ," ಎಂದರು. "ಆದ್ರ ನಂದೊಂದು ಮಾತದ. ಈ ಚಳಿಗಾಲಕ್ಕ ಈ ಜೋಡೀದು ಮರಿ ಮಾಡಿಸ್ಬೇಕು ಅಂತ ಅವರಿಗಿ ಭಾಳ ಆಸಿ ಇತ್ತು. ಅದಕ್ಕೇ ಜೋಡಿ ಒಡೀಲಾರದಂಗ ಕೊಡ್ಲಾಕತ್ತೀನಿ. ಮರಿ ಮಾಡ್ಸೋ ಕೆಲಸ ನನ್ನ ಮಂಡಿಗಿ ಆಗಂಗಿಲ್ಲ. ಮರಿ ಆದ್ರ, ಅದರೊಳಗ ಹಾಡೋದೊಂದು ನನಗ ತಂದುಕೊಡ್ರಿ. ಒಂದು ಹಕ್ಕಿ ನಾ ಸಂಭಾಳಸ್ತೀನಿ. ಮುಂಜಾನಿ ಎದ್ರ ಮನಿ ಬಿಕೋ ಅಂತದ್ರಿ."

ನಾನು ಇನ್ನೂ ಲೆಕ್ಕ ಹಾಕುತ್ತಿದ್ದೆ. ಮಹಾದೇವಿ ಎದ್ದು ಹೋಗಿ ಅವರ ಕೈ ಹಿಡಿದುಕೊಂಡಳು. "ಕೊಡ್ತೀವ್ರಿ ಕಾಕು. ನನ್ನ ಮಾತು ಇದು."

ಪಂಜರದ ಜೊತೆಗೆ ಅವರು ಒಂದು ಡಬ್ಬಿ ಕೊಟ್ಟರು. ಅದರಲ್ಲಿ ಬೆರಳಿನ ಉಗುರಿನಷ್ಟು ದೊಡ್ಡ ನಾಲ್ಕು ಪ್ಲಾಸ್ಟಿಕ್ ತತ್ತಿಗಳಿದ್ದವು. ಬಾಗಿಲ ತನಕ ಬಂದು ಹೇಳಿದರು: "ಮರಿ ಒಡೆದಾಗ ಖರೇ ಕೋಳಿ ತತ್ತಿ ಕುದಿಸಿ, ಟೋಸ್ಟಿನ ಪುಡಿ ಕೂಡಿಸಿ ತಾಯಿ ಮುಂದ ಇಡ್ಬೇಕ್ರಿ. ಇಲ್ಲಾಂದ್ರ ಮರಿ ಉಳಿಯಂಗಿಲ್ಲ. ನಮ್ಮಲ್ಲಿ ಹೊರಗ ಬ್ಯಾರೆ ಒಲಿ ಇಟ್ಟಿದ್ದೆವು." ಆಯ್ತು ಆಯ್ತು ಎಂದು ಇಳಿದುಬಿಟ್ಟೆ. ವೈಜಾಪುರ ದಾಟುವ ತನಕ ಮಹಾದೇವಿ ಹಿಂದೆ ತಿರುಗಿ ಪಂಜರವನ್ನೇ ನೋಡುತ್ತಿದ್ದಳು. ಯೇವಲಾದಲ್ಲಿ ಚಹಾಕ್ಕೆ ನಿಂತಾಗ, "ಪಾಪದಾಕಿ ಹತ್ರಾನೂ ಹಂಗ ಹಗ್ಗಜಗ್ಗಾಟ ಮಾಡ್ತಾರೇನ್ರಿ," ಎಂದಳು. "ಆಕಿ ಒಪ್ಪಿದ್ಲಲ್ಲ," ಎಂದೆ. ವ್ಯಾಪಾರದಲ್ಲಿ ಅದೇ ನನ್ನ ದೊಡ್ಡ ಸಮರ್ಥನೆಯಾಗಿತ್ತು.

ನಾಸಿಕ್‌ನ ಚಳಿ ಈ ಹಕ್ಕಿಗೆ ಹೇಳಿ ಮಾಡಿಸಿದ್ದು. ಬಾಲ್ಕನಿಗೆ ಅಂಗಡಿಯ ಹಸಿರು ಬಲೆ ಕಟ್ಟಿ, ಗಾಳಿ ಬರುವ ಬದಿಗೆ ತಾಡಪತ್ರಿ ಇಳಿಬಿಟ್ಟೆ. ಮೊದಲ ಸಲ ಮರಿ ಮಾಡಿಸುವವರಿಗೆ ಒಂದು ಮಾತು ಹೇಳುತ್ತೇನೆ, ಗಂಡು ಹೆಣ್ಣನ್ನು ಬಂದ ದಿನವೇ ಕೂಡಿಸಬೇಡಿ. ನಡುವೆ ಜಾಲರಿ ಇಟ್ಟು ಕಾಯಿರಿ. ಹೆಣ್ಣು ಬಾಯಲ್ಲಿ ನಾರು ಕಚ್ಚಿಕೊಂಡು ಆ ಕಡೆ ಈ ಕಡೆ ಓಡಾಡತೊಡಗಿದಾಗ ಜಾಲರಿ ತೆಗೆಯಬೇಕು. ಗೋಣಿತಟ್ಟಿನ ದಾರ ಬಿಚ್ಚಿ ಹಾಕಿದೆ, ಸಣ್ಣ ಬೋಗುಣಿಯಲ್ಲಿ ಎರಡೇ ದಿನಕ್ಕೆ ಗೂಡು ಕಟ್ಟಿತು. ಆಮೇಲೆ ದಿನವೂ ಮುಂಜಾನೆ ಒಂದೊಂದು ತತ್ತಿ. ಇಟ್ಟದ್ದನ್ನು ಇಟ್ಟ ಹಾಗೆ ಬಿಟ್ಟರೆ ಮರಿಗಳು ಹಿಂದೆ ಮುಂದೆ ಒಡೆದು, ಕೊನೆಯದು ಅಣ್ಣಂದಿರ ಕಾಲ ಕೆಳಗೆ ಸಾಯುತ್ತದೆ. ಅದಕ್ಕೇ ಪ್ರತಿದಿನ ನಿಜವಾದದ್ದನ್ನು ಚಮಚದಲ್ಲಿ ಎತ್ತಿ ಹತ್ತಿಯಲ್ಲಿಟ್ಟು, ಗೂಡಿಗೆ ಪ್ಲಾಸ್ಟಿಕ್ ತತ್ತಿ ಹಾಕಬೇಕು. ನಾಲ್ಕಾದ ಮೇಲೆ ಎಲ್ಲ ನಿಜವಾದವನ್ನೂ ಒಟ್ಟಿಗೆ ವಾಪಸು ಇಡಬೇಕು. ಹಕ್ಕಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ, ಸುಳ್ಳು ತತ್ತಿಯ ಮೇಲೂ ಅಷ್ಟೇ ಜತನದಿಂದ ಕೂತಿತು.

ಸಂಕ್ರಾಂತಿಯ ಹೊತ್ತಿಗೆ ಮೂರು ಮರಿ ಒಡೆದವು. ಕಣ್ಣು ಬಿಡದ, ರೋಮವಿಲ್ಲದ, ಬಾಯಿ ಮಾತ್ರ ಕೆಂಪಾಗಿ ತೆರೆಯುವ ಮೂರು ಗುಲಾಬಿ ಮುದ್ದೆಗಳು. ಕಮಲಾಬಾಯಿ ಫೋನಿನಲ್ಲಿ ಮತ್ತೆ ತತ್ತಿಯ ಮಾತು ಹೇಳಿದರು. ಮಹಾದೇವಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮನೆಯಲ್ಲಿ ದೇವರ ಜಗಲಿ ಇದೆ, ದಿನವೂ ಲಿಂಗಪೂಜೆ ಇದೆ. ನಾನು ಬುದ್ಧಿವಂತಿಕೆ ಓಡಿಸಿದೆ. "ತತ್ತಿಯೊಳಗ ಏನದ? ಪ್ರೋಟೀನ್. ಪನೀರದಾಗೂ ಅದೇ ಅದ, ಹೆಸರುಕಾಳಿನ ಮೊಳಕಿಯಾಗೂ ಅದೇ ಅದ. ಹಕ್ಕಿಗೇನ್ ಗೊತ್ತಾಗ್ತದ?"

ಹತ್ತನೆಯ ತರಗತಿಯಲ್ಲಿದ್ದ ಮಗಳು ಋತುಜಾ ಪುಸ್ತಕದಿಂದ ತಲೆ ಎತ್ತಿ, "ಪಪ್ಪಾ, ತೇ ಲಿಂಗಾಯತ ನಾಹೀತ್!" ಎಂದಳು. ಅವು ಲಿಂಗಾಯತರಲ್ಲ ಎಂದು. ನಗುತ್ತಲೇ ಪನೀರು ಪುಡಿ ಮಾಡಿ ಇಟ್ಟೆ. ತಾಯಿ ಹಕ್ಕಿ ಮೂಸಿ ನೋಡಿದಂತೆ ಮಾಡಿ ದೂರ ಹೋಯಿತು, ಆಮೇಲೆ ಇದ್ದಷ್ಟು ಕಾಳನ್ನೇ ಮರಿಗೆ ಉಣಿಸಿತು. ಐದನೆಯ ದಿನದೊಳಗೆ ಮೂರೂ ಮರಿ ಒಂದೊಂದಾಗಿ ತಣ್ಣಗಾದವು. ಕೊನೆಯದನ್ನು ಮಹಾದೇವಿ ಅಂಗೈಯಲ್ಲಿಟ್ಟುಕೊಂಡು ಬಂದು ನನಗೆ ತೋರಿಸಿದಳು. ಅದರ ಹೊಟ್ಟೆಯ ಚರ್ಮ ಪಾರದರ್ಶಕವಾಗಿತ್ತು, ಒಳಗೆ ಖಾಲಿ ಇದ್ದದ್ದು ಕಾಣುತ್ತಿತ್ತು.

"ಇದು ಹಸಿದು ಸತ್ತದ್ರಿ," ಎಂದಳು. "ಹೇಳಿದ್ರೂ ಕೇಳ್ಲಿಲ್ಲ ನಾವು."

ಫೆಬ್ರವರಿಯಲ್ಲಿ ಹಕ್ಕಿ ಮತ್ತೆ ತತ್ತಿ ಇಟ್ಟಿತು. ಒಂದು ದಿನ ನಾನು ಅಂಗಡಿಗೆ ಹೊರಡುವಾಗ ಮಹಾದೇವಿ ಬಾಲ್ಕನಿಯ ಮೂಲೆಯಲ್ಲಿ ವಿದ್ಯುತ್ ಒಲೆ ಹೂಡುತ್ತಿದ್ದಳು. ಪಕ್ಕದಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆ. "ಏನಿದು?" ಎಂದೆ.

"ಆ ಕಾಕುಗ ಮಾತು ಕೊಟ್ಟಾಕಿ ನಾನು. ನೀವು ಅಂಗಡಿಗಿ ನಡೀರಿ. ಬರೋ ಮುಂದ ಅರ್ಧ ಡಜನ್ ತತ್ತಿ ತರ್ರಿ, ಪೇಪರದಾಗ ಸುತ್ತಿ."

ಅದು ದ್ರಾಕ್ಷಿ ಕಟಾವಿನ ಹಂಗಾಮು. ಬೆಳಕು ಹರಿಯುವ ಮೊದಲೇ ಟೆಂಪೋಗಳು ಅಂಗಡಿಯ ಮುಂದೆ ನಿಲ್ಲುತ್ತಿದ್ದವು, ನನಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮನೆಯಲ್ಲಿ ಮಹಾದೇವಿ ದಿನವೂ ಎದ್ದವಳೇ ಬಾಲ್ಕನಿಯಲ್ಲಿ ತತ್ತಿ ಕುದಿಸಿ, ಮೂಗಿಗೆ ಸೆರಗು ಕಟ್ಟಿಕೊಂಡು ಸುಲಿದು, ಪುಡಿ ಮಾಡಿ, ಹಕ್ಕಿಯ ಮುಂದೆ ಇಟ್ಟು, ಆಮೇಲೆ ತಲೆಯ ಮೇಲೆ ನೀರು ಹೊಯ್ದುಕೊಂಡು ಪೂಜೆಗೆ ಕೂರುತ್ತಿದ್ದಳು. ತತ್ತಿಯ ಪುಡಿ ಮೂರು ತಾಸಿಗೇ ಕೆಡುತ್ತದೆ, ಹೀಗಾಗಿ ಮಧ್ಯಾಹ್ನ ಮತ್ತೊಮ್ಮೆ ತತ್ತಿ, ಮತ್ತೊಮ್ಮೆ ಸ್ನಾನ. ಮೇಲಿನ ಮನೆಯ ಹುಮನಾಬಾದಿನ ಹೆಂಗಸು ಬಾಲ್ಕನಿಯಿಂದ ಬಗ್ಗಿ, "ಮಹಾದೇವೀ, ಏನ್ ವಾಸನಿನೇ ಇದು ನಿಮ್ಮ ಮನ್ಯಾಗಿಂದು?" ಎಂದು ಕೇಳಿದರೆ ಇವಳು ತಲೆ ಎತ್ತದೆ ಹೇಳಿದಳಂತೆ: "ಹಕ್ಕಿ ಬಾಣಂತಿ ಆಗ್ಯಾದ್ರಿ ಅಕ್ಕಾ. ಬಾಣಂತನ ನಡದದ."

ಶಿವರಾತ್ರಿಗೆ ಅವಳ ತಾಯಿ ಭಾಲ್ಕಿಯಿಂದ ಬಂದರು. ಮೂರು ಮರಿಗಳಿಗೆ ಆಗ ಹತ್ತು ದಿನ. ಬಾಲ್ಕನಿಯಲ್ಲಿ ಪಾತ್ರೆ ನೋಡಿದರು, ವಾಸನೆ ನೋಡಿದರು. ಜಗಳ ಮಾಡಲಿಲ್ಲ. ಚೀಲ ಬಿಚ್ಚದೆ, ಒಂದು ಲೋಟ ನೀರೂ ಮುಟ್ಟದೆ, ಉಪವಾಸದ ದಿನ ಎಂದು ನೆಪ ಹೇಳಿ ಸಂಬಂಧಿಕರ ಮನೆಗೆ ಹೋಗಿಬಿಟ್ಟರು. ಮರುದಿನ ಉಪವಾಸ ಬಿಡುವುದಕ್ಕೂ ಬರಲಿಲ್ಲ. ಮಹಾದೇವಿ ಅವತ್ತು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಎದ್ದು ಮಧ್ಯಾಹ್ನದ ತತ್ತಿ ಕುದಿಸಲಿಟ್ಟಳು.

ಮೂರರಲ್ಲಿ ಎರಡು ಮರಿ ಬದುಕಿದವು. ಏಪ್ರಿಲ್‌ನಲ್ಲಿ ಬಾಲ್ಕನಿಗೆ ಬಿಸಿಲು ಹೊಡೆಯತೊಡಗಿತು. ದೊಡ್ಡ ಜೋಡಿಯನ್ನು ಮನೆಯೊಳಗೆ ಸರಿಸಿ, ಅಷ್ಟರಲ್ಲಿ ತಮ್ಮಷ್ಟಕ್ಕೆ ಕಾಳು ಒಡೆಯುತ್ತಿದ್ದ ಆ ಎರಡು ಮರಿಗಳನ್ನು ಅಂಗಡಿಗೆ ಒಯ್ದೆ, ಅಲ್ಲಿ ಎತ್ತರದ ಸೂರು, ನೆಲಕ್ಕೆ ನೀರು ಹೊಡೆದರೆ ತಂಪು. ಎರಡೂ ಒಂದೇ ಅಚ್ಚಿನ ಹಳದಿ, ಯಾವುದು ಯಾವುದು ಎಂದು ನೋಡಿ ಹೇಳುವ ಹಾಗಿರಲಿಲ್ಲ. ಹದಿನೈದು ದಿನ ಕಳೆದಿರಬೇಕು, ಕ್ರೇಟು ಎಣಿಸುತ್ತಿದ್ದವನಿಗೆ ಹಿಂದಿನಿಂದ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ ಕೇಳಿಸಿತು. ತಿರುಗಿ ನೋಡಿದರೆ ಎರಡರಲ್ಲಿ ಒಂದು, ಕೊಂಬೆಯ ಮೇಲೆ ಕೂತು, ಗಂಟಲು ಉಬ್ಬಿಸಿ ತನಗೆ ತಾನೇ ಪಾಠ ಒಪ್ಪಿಸುತ್ತಿತ್ತು. ಅದು ಗಂಡು. ಇನ್ನೊಂದು ಬರೀ ಚೀಂವ್ ಎನ್ನುತ್ತಾ ಕಾಳು ಕೆದರುತ್ತಿತ್ತು. ಕ್ಯಾನರಿಯಲ್ಲಿ ಹಾಡುವುದು ಗಂಡು ಮಾತ್ರ.

ವಾರ ಕಳೆಯುವಷ್ಟರಲ್ಲಿ ಗುನುಗು ಹಾಡಾಯಿತು. ತೋಟದವರು ಒಳಗೆ ಬಂದವರು ಕತ್ತೆತ್ತಿ ನಿಲ್ಲುತ್ತಿದ್ದರು. "ಶೇಠ್, ಕಾಯ್ ಗೋಡ್ ಗಾತೋಯ್ ಹೋ," ಎನ್ನುತ್ತಿದ್ದರು. ಎಷ್ಟು ಸಿಹಿಯಾಗಿ ಹಾಡುತ್ತಾನೆ ಎಂದು. ಹಾಡು ಕೇಳುತ್ತಾ ನಿಂತ ಗಿರಾಕಿ ದರಕ್ಕೆ ಜಗಳ ಆಡುವುದಿಲ್ಲ ಎಂಬುದನ್ನು ನಾನು ಎರಡೇ ದಿನದಲ್ಲಿ ಕಂಡುಕೊಂಡೆ. ಇಪ್ಪತ್ತೈದು ವರ್ಷದ ವ್ಯಾಪಾರದಲ್ಲಿ ಇಂಥ ಗುಮಾಸ್ತ ನನಗೆ ಸಿಕ್ಕಿರಲಿಲ್ಲ. ಆ ಹಕ್ಕಿಯನ್ನು ಗಾರಖೇಡಾದ ಮುದುಕಿಯ ಮೂಲೆಮನೆಗೆ ಒಯ್ದು ಕೊಡುವುದೇ? ಅದಕ್ಕೆ ಅಲ್ಲಿ ಕೇಳುವವರಾದರೂ ಯಾರು? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಆಕೆಗೆ ಹಕ್ಕಿ ಬೇಕು, ಹಕ್ಕಿ ಕೊಟ್ಟರಾಯಿತು. ಎರಡೂ ನೋಡಲು ಒಂದೇ. ಏನೂ ತಿಳಿಯದ ಹೆಂಗಸು.

ಮೇ ತಿಂಗಳಲ್ಲಿ ಒಂದು ಭಾನುವಾರ ಹೊರಟೆ. ಮಹಾದೇವಿ ಕಾಕುಗೆಂದು ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಕೊಟ್ಟಳು. ಕಾರಿನ ತನಕ ಬಂದು, ಪಂಜರದ ಬಟ್ಟೆ ಸರಿಸಿ ಇಣುಕಿ, "ಹಾಡೋದೇ ಒಯ್ಲಾಕತ್ತೀರಲ್ಲ?" ಎಂದು ಕೇಳಿದಳು.

"ಮತ್ತ ಯಾವ್ದು ಒಯ್ತಾರ?" ಎಂದೆ. ಕಣ್ಣು ಮಿಟುಕಿಸದೆ ಅಂದೆ.

ಕಮಲಾಬಾಯಿ ಹಕ್ಕಿಯನ್ನು ಕೈಗೆ ತೆಗೆದುಕೊಂಡರು. ಮಗ್ಗುಲಾಗಿ ಹಿಡಿದು, ಹೊಟ್ಟೆಯ ಗರಿಗಳ ಮೇಲೆ ಒಮ್ಮೆ ಮೆಲ್ಲಗೆ ಊದಿದರು. ನೋಡಿದರು. "ಚಲೋ ಬೆಳ್ಸೀರಿ," ಎಂದರು. ಆಮೇಲೆ, "ಹಾಡ್ತದೇನ್ರಿ?"

"ಹಾಡ್ಲಾರದ ಎಲ್ಲಿ ಹೋಗ್ತದ ಕಾಕು? ಗಂಟಲು ಉಬ್ಬಿಸಿ ಗುಂಯ್ ಗುಂಯ್ ಅಂತದ, ನನ್ನ ಕಿವಿಲೆ ನಾ ಕೇಳೀನಿ. ಹೊಸಾ ಜಾಗಾ, ನಾಕು ದಿನ ಬೇಕು."

"ನಿಮ್ಮ ಕಿವಿಲೆ ಕೇಳೀರಿ?"

"ಮತ್ತ!"

ಅವರು ನನಗೆ ಊಟ ಬಡಿಸಿದರು. ಎರಡು ಸಲ ತುಪ್ಪ ಹಾಕಿದರು.

ಮಳೆಗಾಲ ಶುರುವಾದ ಮೇಲೆ ಅವರ ಮೊದಲ ಫೋನು ಬಂತು. ನಾನು ಅಂಗಡಿಯಲ್ಲಿದ್ದೆ. ತಲೆಯ ಮೇಲೆ ಪಂಜರದಲ್ಲಿ ಗಂಡು ಹಕ್ಕಿ ಗಂಟಲು ಹರಿಯುವ ಹಾಗೆ ಹಾಡುತ್ತಿತ್ತು. "ಇನ್ನಾ ಹಾಡವಲ್ದಲ್ರಿ," ಎಂದರು. ನಾನು ಫೋನಿಗೆ ಕೈ ಅಡ್ಡ ಹಿಡಿದು, ಅಂಗಡಿಯಿಂದ ಇಳಿದು, ಲಾರಿಗಳು ಓಡಾಡುವ ರಸ್ತೆಯ ಅಂಚಿಗೆ ಹೋಗಿ ನಿಂತೆ. "ಕಾಕು, ಈಗ ಪುಕ್ಕ ಉದುರೋ ಕಾಲ. ದೊಡ್ಡ ದೊಡ್ಡ ಹಕ್ಕಿನೇ ಹಾಡಂಗಿಲ್ಲ. ಸೌತಿಕಾಯಿ ಕೊಡ್ರಿ."

ಗಣೇಶ ಚೌತಿಯ ಹೊತ್ತಿಗೆ ಮತ್ತೆ ಫೋನು. ನಾನು ಮತ್ತೆ ರಸ್ತೆಗೆ. "ಮೊಬೈಲಿನಾಗ ಹಕ್ಕಿ ಹಾಡು ಸಿಗ್ತಾವ, ಮುಂಜಾನಿ ಅರ್ಧ ತಾಸು ಹಚ್ಚಿ ಕೇಳಸ್ರಿ. ಕೇಳಿ ಕಲೀತದ." ಆಮೇಲೆ ಒಮ್ಮೆ ಗುರೆಳ್ಳು ಹೆಚ್ಚು ಹಾಕಲು ಹೇಳಿದೆ. ಒಮ್ಮೆ ಪಂಜರವನ್ನು ಮೂಡಣ ಕಿಟಕಿಗೆ ಸರಿಸಲು ಹೇಳಿದೆ. ದಸರೆಯ ಹೊತ್ತಿಗೆ, ಚಳಿ ಬರಲಿ, ಚಳಿ ಬಿದ್ದರೆ ಗಂಟಲು ಬಿಚ್ಚುತ್ತದೆ ಎಂದೆ. ಪ್ರತಿ ಸಲವೂ ಅವರು "ಹಂಗೇ ಮಾಡ್ತೀನ್ರಿ" ಎನ್ನುತ್ತಿದ್ದರು. ಮಂಡಿ ನೋವಿನ ಹೆಂಗಸು ಕುರ್ಚಿ ಹತ್ತಿ ಪಂಜರ ಸರಿಸುವುದನ್ನು ನಾನು ಯೋಚಿಸುತ್ತಿರಲಿಲ್ಲ. ಸಲಹೆ ಕೊಟ್ಟು ಮುಗಿಸಿ, ಹಗುರಾಗಿ, ಅಂಗಡಿ ಹತ್ತುತ್ತಿದ್ದೆ. ಒಂದು ಸುಳ್ಳನ್ನು ಹೀಗೆ ಹತ್ತು ಸಲಹೆಗಳಲ್ಲಿ ಸುತ್ತಿಟ್ಟರೆ ಅದು ನಮಗೇ ಉಪಕಾರದ ಹಾಗೆ ಕಾಣತೊಡಗುತ್ತದೆ. ನನಗೆ ಹಾಗೇ ಕಂಡಿತು.

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಕಮಲಾಬಾಯಿಯ ಫೋನು. ಈ ಸಲ ನಾನು ರಸ್ತೆಗೆ ಇಳಿಯುವ ಮೊದಲೇ ಅವರ ಮಾತು ಮುಗಿದಿತ್ತು.

"ನಿಮ್ಮ ಹಾಡೋ ಹಕ್ಕಿ ಇವತ್ತ ತತ್ತಿ ಇಟ್ಟದ್ರಿ. ಒಮ್ಮಿ ಬಂದು ಹೋಗ್ರಿ."

ನಾಸಿಕ್‌ನಿಂದ ಸಂಭಾಜಿನಗರದ ದಾರಿಯುದ್ದಕ್ಕೂ ನಾನು ಉತ್ತರ ಸಿದ್ಧಮಾಡಿಕೊಂಡೆ. ಮೊದಲ ಸಲದವನು, ಮರಿಯಾಗಿದ್ದಾಗ ಯಾರಿಗೂ ತಿಳಿಯುವುದಿಲ್ಲ, ನಾನೂ ಮೋಸಹೋದೆ. ನಾಲ್ಕು ತಾಸಿನಲ್ಲಿ ಅದನ್ನು ಎಷ್ಟು ಸಲ ಹೇಳಿಕೊಂಡೆನೆಂದರೆ ಗಾರಖೇಡಾ ಮುಟ್ಟುವ ಹೊತ್ತಿಗೆ ನನಗೇ ನನ್ನ ಮೇಲೆ ಮರುಕ ಬಂದಿತ್ತು.

ಪಂಜರದ ಮೂಲೆಯಲ್ಲಿ, ಗೂಡೂ ಇಲ್ಲದ ಬರಿಯ ತಗಡಿನ ಮೇಲೆ, ನೀಲಿ ಛಾಯೆಯ ಒಂದು ಸಣ್ಣ ತತ್ತಿ ಇತ್ತು. ಹಕ್ಕಿ ಅದರ ಮೇಲೆ ಕೂರಲು ಹೋಗಿ ಜಾರಿ, ಮತ್ತೆ ಹೋಗುತ್ತಿತ್ತು. ಕಮಲಾಬಾಯಿ ಎದುರು ಕುರ್ಚಿಯಲ್ಲಿ ಕೂತಿದ್ದರು. ಈ ಸಲ ಚಹಾ ಬರಲಿಲ್ಲ.

"ನೋಡ್ರಿ ಕಾಕು, ಸಣ್ಣದಿದ್ದಾಗ ಗಂಡೋ ಹೆಣ್ಣೋ ಯಾರಿಗೂ..." ಎಂದು ಶುರುಮಾಡಿದೆ.

"ನಿಮ್ಮ ಕಿವಿಲೆ ಕೇಳೀರಿ ಅಂದಿದ್ರಿ," ಎಂದರು ಅವರು.

ನಾನು ಪಂಜರದ ಕಡೆ ತಿರುಗಿದೆ.

"ನೀವು ಕೇಳಿದ್ದು ಸುಳ್ಳಲ್ರಿ. ಆದ್ರ ಕೇಳಿದ್ದು ಬ್ಯಾರೆ ಹಕ್ಕೀದು." ಅವರ ದನಿ ಏರಲಿಲ್ಲ. "ನಮ್ಮ ಯಜಮಾನ್ರಿಗಿ ಕಡೀಕ್ಕ ಕಣ್ಣು ಕಾಣ್ತಿದ್ದಿಲ್ಲ. ಹತ್ತು ವರ್ಷ ಆ ಹಕ್ಕಿಗೋಳಿಗಿ ಕಾಳು, ನೀರು, ಮರಿ ಎಲ್ಲಾ ಮಾಡಿದಾಕಿ ನಾನೇ. ನೀವು ತಂದುಕೊಟ್ಟು ಹದಿನೈದು ದಿನಕ್ಕೇ ತಿಳೀತು ಇದು ಹೆಣ್ಣಂತ."

"ಮತ್ತ... ಫೋನ್ ಯಾಕ ಮಾಡ್ತಿದ್ರಿ ಕಾಕು?" ಈ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಎದುರಿನವರ ಬಾಯಿಂದ ಉತ್ತರ ಹೊರಡಿಸುವ ಹಾಳು ರೂಢಿ.

"ಮೊದಲ ಎರಡು ಸಲ, ನೀವಾಗೇ ಹೇಳ್ತೀರೇನೋ ಅಂತ ಮಾಡಿದೆ," ಎಂದರು. "ಆಮ್ಯಾಲ ಹಾಡು ಕೇಳ್ಲಾಕ ಮಾಡ್ತಿದ್ದೆ. ನೀವು ಫೋನ್ ಎತ್ತಿದ ಕೂಡ್ಲೇ ಹಿಂದ ಅದರ ದನಿ ಕೇಳಸ್ತಿತ್ತು. ಥೇಟ್ ಅದರ ಅಪ್ಪನ ದನಿ. ನೀವು ರಸ್ತಾಕ್ಕ ಇಳಿಯೋ ತನಕ ಕೇಳ್ತಿದ್ದೆ. ಒಂದೊಂದ್ಸಲ ನೀವು ಲಗೂನ ಇಳಿದುಬಿಡ್ತಿದ್ರಿ."

ಇಪ್ಪತ್ತೈದು ವರ್ಷದಲ್ಲಿ ಎಂಥೆಂಥ ಗಿರಾಕಿಗಳ ಮುಂದೆ ಮಾತು ಗೆದ್ದವನು ನಾನು. ಬೈದಿದ್ದರೆ ಏನಾದರೂ ಹೇಳುತ್ತಿದ್ದೆ. ನೆಲ ನೋಡುತ್ತಾ, "ನಾಳೇನೇ ಗಂಡು ತಂದುಕೊಡ್ತೀನ್ರಿ," ಎಂದೆ. ನನ್ನ ದನಿ ನನಗೇ ಬೇರೆಯವರದ್ದಾಗಿ ಕೇಳಿಸಿತು.

"ನೀವು ಬ್ಯಾಡ್ರಿ," ಎಂದರು ಕಮಲಾಬಾಯಿ. "ಮಾತು ಕೊಟ್ಟಾಕಿ ನಿಮ್ಮ ಮನಿಯಾಕಿ. ಆಕಿ ಕೈಲೆ ಕಳಸ್ರಿ."

ಅಷ್ಟೇ. ಆ ಒಂದು ಷರತ್ತು. ಅದರ ಮೇಲೆ ನಾನು ಚೌಕಾಸಿ ಮಾಡಲು ನೋಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮಹಾದೇವಿಗೆ ಪ್ರಯಾಣ ಆಗಿಬರುವುದಿಲ್ಲ ಎಂದೆ. ಮಗಳಿಗೆ ಕಾಲೇಜು ಇದೆ ಎಂದೆ. ಅವರು ಕೇಳಿಸಿಕೊಂಡು, ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಮನೆಗೆ ಬಂದಾಗ ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಅಂಗಡಿಯಲ್ಲಿ ಉಳಿದದ್ದು ಹೆಣ್ಣು ಎಂದು ಅವಳು ನಂಬಿದ್ದಳು, ಎಂಟು ತಿಂಗಳು. ಅವಳು ತಿರುಗಲಿಲ್ಲ. ರೊಟ್ಟಿಯ ಸದ್ದು ನಿಂತಿತು. ಹಂಚಿನ ಮೇಲಿದ್ದದ್ದು ಸೀದುಹೋಯಿತು, ಅವಳು ತೆಗೆಯಲಿಲ್ಲ.

"ನಮ್ಮವ್ವ ಆ ದಿನ ನನ್ನ ಮನ್ಯಾಗ ನೀರು ಸೈತ ಕುಡೀಲಿಲ್ಲ," ಎಂದಳು. "ಅದಾದ ಮ್ಯಾಲೂ ನಾ ತತ್ತಿ ಕುದಿಸಿದೆ. ಯಾಕ ಕುದಿಸಿದೆ ನಿಮಗ ಗೊತ್ತಿತ್ತು."

ಗೊತ್ತಿತ್ತು. ಸೀದ ರೊಟ್ಟಿಯನ್ನು ನಾನೇ ತೆಗೆದು ಒಲೆ ಆರಿಸಿದೆ.

ಮರುದಿನ ಮುಂಜಾನೆ ಅಂಗಡಿಯ ಬಾಗಿಲು ತೆರೆಯುವಾಗ ಅವಳು ನನ್ನ ಹಿಂದೆಯೇ ಬಂದು ನಿಂತಿದ್ದಳು. ಗಂಡು ಹಕ್ಕಿ ಹಾಡುತ್ತಿತ್ತು. ಅದು ಹಾಡುವುದನ್ನು ಅವಳು ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಕೇಳಿದಳು, ಆಮೇಲೆ ಪಂಜರಕ್ಕೆ ತನ್ನ ಶಾಲು ಸುತ್ತಿದಳು. ಕಾರಿನಲ್ಲಿ ಬಿಡುತ್ತೇನೆ ಎಂದರೆ ಬೇಡವೆಂದು, ಬಸ್ಸು ಹತ್ತಿ, ಪಂಜರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವ ತನಕ ನಾನು ಕೆಳಗೆ ನಿಂತಿದ್ದೆ. ಗಾಳಿ ಬಡಿಯದ ಹಾಗೆ ಹಿಡಿ, ನೀರಿನ ಬಟ್ಟಲು ಈಗ ಇಡಬೇಡ ಎಂದು ಹೇಳಬೇಕೆಂದು ಬಾಯಿ ತೆರೆದೆ, ಹಾಗೇ ಮುಚ್ಚಿಕೊಂಡೆ.

ಸಂಜೆ ಅಂಗಡಿಯಲ್ಲಿ ಒಬ್ಬ ತೋಟದವನು ಕತ್ತೆತ್ತಿ, "ಆಜ್ ಪಾಖರೂ ಕುಠಂ ಗೇಲಂ ಶೇಠ್?" ಎಂದು ಕೇಳಿದ. ಇವತ್ತು ಹಕ್ಕಿ ಎಲ್ಲಿ ಹೋಯಿತು ಎಂದು. "ಜ್ಯಾಂಚಂ ಹೋತಂ ತ್ಯಾಂಚ್ಯಾಕಡೇ," ಎಂದೆ. ಯಾರದಿತ್ತೋ ಅವರ ಹತ್ತಿರ ಎಂದು. ಅವನು ಕೇಳಿದ ದರಕ್ಕೇ ಕ್ರೇಟು ಕೊಟ್ಟು ಕಳಿಸಿದೆ. ಅದರಿಂದ ಏನೂ ಹಗುರಾಗಲಿಲ್ಲ.

ಮಹಾದೇವಿ ದೀಪ ಹಚ್ಚುವ ಹೊತ್ತಿಗೆ ಬಂದಳು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಶಾಲು ಮಡಿಸತೊಡಗಿದಳು. ನಾನು ಹಿಂದೆ ಹಿಂದೆಯೇ ಓಡಾಡಿದೆ.

"ಹಾಡ್ತೇನು?"

"ಹಾಡ್ತು. ಪಂಜರ ತೂಗುಹಾಕಿದ ಕೂಡ್ಲೇ ಹಾಡ್ತು."

"ಕಾಕು?"

"ಕೇಳಿದ್ರು. ಕೇಳ್ಕೋತ ಕಣ್ಣು ಮುಚ್ಚಿದ್ರು. ಆಮ್ಯಾಲ ನನಗ ಉಣ್ಲಾಕ ಹಾಕಿದ್ರು. ತತ್ತಿ ಕುದಿಸೋ ದಿನದ ಸುದ್ದಿ ಕೇಳಿದ್ರು, ಇಬ್ರೂ ನಕ್ಕೋತ ಕುಂತೆವು."

ಕೊನೆಗೂ ಕೇಳಿದೆ: "ನನ್ನ ಬಗ್ಗೆ ಏನಾರ ಕೇಳಿದ್ರೇನು?"

ಮಹಾದೇವಿ ಶಾಲನ್ನು ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದಳು.

"ಇಲ್ಲ," ಎಂದಳು. "ನಾನೂ ಏನೂ ಹೇಳ್ಲಿಲ್ಲ."